ಹಾಂಗ್‌ಕಾಂಗ್‌ಗೆ ಏನಾಯ್ತು? ನಮ್ಮ ಗ್ರಂಥಾಲಯದಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳು

ಕೊಡಗಿನ ಪೊನ್ನಂಪೇಟೆ ಕಡೆಯ ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಹತ್ತಿಪ್ಪತ್ತು ಜನ ಸೇರುತ್ತೇವೆ. ಒಬ್ಬರು ಒಂದು ವಿಷಯ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ಸರದಿ ಬಂದಾಗ ಹಾಂಗ್‌ಕಾಂಗ್ ಬಗ್ಗೆ ಮಾತಾಡಿದೆ. ನನ್ನ ತಮ್ಮನ ಮಗಳು ಅಲ್ಲಿ ಐದು ವರ್ಷ ಲೆಕ್ಕಪತ್ರದ ಕೆಲಸ ಮಾಡಿ, 2022ರಲ್ಲಿ ಊರಿಗೆ ವಾಪಸ್ ಬಂದಳು. ಅವಳು ಹೋದಾಗ ಇದ್ದ ಊರೇ ಬೇರೆ, ಬಿಟ್ಟು ಬಂದ ಊರೇ ಬೇರೆ. ಅವತ್ತು ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಸಂತೆಯಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಹಾಂಗ್‌ಕಾಂಗ್ ಒಂದು ದೇಶವಾ, ಇಲ್ಲ ಚೀನಾದ ಒಂದು ಊರಾ?

ದೇಶ ಅಲ್ಲ. ಚೀನಾಕ್ಕೆ ಸೇರಿದ್ದು, ಆದರೆ ಮಾಮೂಲಿ ಊರೂ ಅಲ್ಲ. 'ವಿಶೇಷ ಆಡಳಿತ ಪ್ರದೇಶ' ಅಂತ ಅದರ ಹೆಸರು. ಸುಮಾರು 75 ಲಕ್ಷ ಜನ. ಸ್ವಂತ ನೋಟು, ಸ್ವಂತ ಪಾಸ್‌ಪೋರ್ಟ್, ಸ್ವಂತ ಕೋರ್ಟು.

ಬ್ರಿಟಿಷರು ಅದನ್ನು ಮೂರು ಕಂತಿನಲ್ಲಿ ತೆಗೆದುಕೊಂಡರು. 1842ರಲ್ಲಿ ದ್ವೀಪ, 1860ರಲ್ಲಿ ಎದುರಿನ ಕೌಲೂನ್, 1898ರಲ್ಲಿ ಅದರ ಹಿಂದಿನ ದೊಡ್ಡ ಪ್ರದೇಶ. ಮೊದಲ ಎರಡು ಯುದ್ಧದಲ್ಲಿ ಕಿತ್ತುಕೊಂಡದ್ದು. ಮೂರನೆಯದು 99 ವರ್ಷದ ಗುತ್ತಿಗೆ. ಆ ಗುತ್ತಿಗೆ 1997ಕ್ಕೆ ಮುಗಿಯುತ್ತಿತ್ತು. ನೀರು, ನೆಲ, ಜನ ಎಲ್ಲಾ ಬೆರೆತುಹೋಗಿದ್ದರಿಂದ ಗುತ್ತಿಗೆ ಭಾಗ ಮಾತ್ರ ಬಿಟ್ಟುಕೊಡುವ ಹಾಗಿರಲಿಲ್ಲ. 1984ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡು, 1997ರ ಜುಲೈ 1ಕ್ಕೆ ಇಡೀ ಊರು ಚೀನಾಕ್ಕೆ ಹೋಯಿತು. ಊರಿನವರನ್ನು ಯಾರೂ ಕೇಳಲಿಲ್ಲ. ಮತ ಹಾಕಿಸಲಿಲ್ಲ.

'ಒಂದು ದೇಶ, ಎರಡು ವ್ಯವಸ್ಥೆ' ಅಂದರೆ ಏನು?

ಚೀನಾ ಕೊಟ್ಟ ಮಾತು ಅದು. ದೇಶ ಒಂದೇ, ಆದರೆ ಹಾಂಗ್‌ಕಾಂಗ್‌ನ ಬದುಕು, ವ್ಯಾಪಾರ, ಕಾನೂನು 50 ವರ್ಷ ಹೇಗಿದೆಯೋ ಹಾಗೇ ಇರುತ್ತದೆ ಎಂದು. ಅಂದರೆ 2047ರ ತನಕ. ಈ ಮಾತನ್ನು 'ಬೇಸಿಕ್ ಲಾ' ಎನ್ನುವ ಪುಟ್ಟ ಸಂವಿಧಾನದಲ್ಲಿ ಬರೆದರು. 1990ರಲ್ಲಿ ಬೀಜಿಂಗ್‌ನ ಸಂಸತ್ತು ಅದನ್ನು ಒಪ್ಪಿತು. ಅದರ 27ನೇ ಕಲಂ ಮಾತಿನ, ಪತ್ರಿಕೆಯ, ಸಭೆ ಸೇರುವ, ಮೆರವಣಿಗೆ ಮಾಡುವ, ಸಂಘ ಕಟ್ಟುವ, ಮುಷ್ಕರ ಹೂಡುವ ಹಕ್ಕು ಕೊಡುತ್ತದೆ. 45ನೇ ಕಲಂ ಪ್ರಕಾರ ಕೊನೆಗೊಂದು ದಿನ ಊರಿನ ಮುಖ್ಯಸ್ಥರನ್ನು ಜನರೇ ಮತ ಹಾಕಿ ಆರಿಸಬೇಕು.

ಓದಿದರೆ ಖುಷಿಯಾಗುತ್ತದೆ, ಅಲ್ವಾ? ಆದರೆ ಅದೇ ಪುಸ್ತಕದಲ್ಲಿ ಇನ್ನೂ ಎರಡು ಕಲಂ ಇವೆ. 158ನೇ ಕಲಂ: ಈ ಕಾನೂನಿನ ಅರ್ಥ ಏನು ಎಂದು ಕೊನೆಗೆ ಹೇಳುವವರು ಬೀಜಿಂಗ್‌ನವರು. 18ನೇ ಕಲಂ: ಚೀನಾದ ಕೆಲವು ಕಾನೂನುಗಳನ್ನು ಒಂದು ಪಟ್ಟಿಗೆ ಸೇರಿಸಿದರೆ ಸಾಕು, ಅವು ಹಾಂಗ್‌ಕಾಂಗ್‌ಗೂ ಅನ್ವಯಿಸುತ್ತವೆ. ಮುಂದೆ ಆದದ್ದೆಲ್ಲ ಈ ಎರಡು ಬಾಗಿಲಿನಿಂದಲೇ ಒಳಗೆ ಬಂತು. ಹಾಂಗ್‌ಕಾಂಗ್ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದು. ಯಾರೂ ಬೇಸಿಕ್ ಲಾ ಹರಿದು ಹಾಕಲಿಲ್ಲ. ಅದು ಇವತ್ತಿಗೂ ಜಾರಿಯಲ್ಲಿದೆ.

ನಮ್ಮ ಕೊಡಗೂ ಬೇರೆ ರಾಜ್ಯ ಆಗಿತ್ತಲ್ಲ. ಅದೇ ಥರಾನಾ?

ಇದನ್ನು ಕೇಳದ ಹಿರಿಯರಿಲ್ಲ. ಸ್ವಲ್ಪ ವಿವರವಾಗಿ ಹೇಳಬೇಕು.

ಹೌದು, ಕೊಡಗು ರಾಜ್ಯವಾಗಿತ್ತು. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡಾಗ, ಜನರೇ ಒಮ್ಮತದಿಂದ ಬಯಸಿದ್ದಾರೆ ಎಂದು ಘೋಷಣೆ ಹೊರಡಿಸಿದರು. ನಿಮ್ಮ ಪದ್ಧತಿಗಳನ್ನು ಗೌರವಿಸುತ್ತೇವೆ ಎಂದೂ ಬರೆದರು. ಮೂರೇ ವರ್ಷಕ್ಕೆ, 1837ರಲ್ಲಿ, ಅವರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. 'ಜನರ ಇಚ್ಛೆ' ಎಂಬ ಮಾತನ್ನು ಸರ್ಕಾರಿ ಕಾಗದದಲ್ಲಿ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಕೊಡಗು 'ಸಿ' ದರ್ಜೆ ರಾಜ್ಯವಾಯಿತು. 1952ರಲ್ಲಿ ಚುನಾವಣೆ ನಡೆದು 24 ಜನರ ವಿಧಾನಸಭೆ ಬಂತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಇವತ್ತು 224 ಜನರ ವಿಧಾನಸಭೆಯಲ್ಲಿ ನಮ್ಮ ಶಾಸಕರು ಇಬ್ಬರು, ಮಡಿಕೇರಿಗೊಬ್ಬರು, ವಿರಾಜಪೇಟೆಗೊಬ್ಬರು. 24 ಎಲ್ಲಿ, 2 ಎಲ್ಲಿ! ಅಜ್ಜನ ಕಾಲದವರಿಗೆ ಇದು ನೋವಿನ ವಿಷಯವೇ ಆಗಿತ್ತು. ನಾನದನ್ನು ಸಣ್ಣದು ಮಾಡುವುದಿಲ್ಲ.

ಆದರೆ ಇಲ್ಲೊಂದು ದೊಡ್ಡ ವ್ಯತ್ಯಾಸ ಇದೆ. ವಿಲೀನ ಬೇಡ ಎಂದವರು 1952ರಲ್ಲಿ ತಕ್ಕಡಿ ಗುರುತಿನಲ್ಲಿ ಚುನಾವಣೆಗೆ ನಿಂತರು, ಕೆಲವು ಕಡೆ ಗೆದ್ದರು, ಸಭೆಯಲ್ಲಿ ಕೂತು ವಾದಿಸಿದರು. ವಿಲೀನ ತಪ್ಪು ಎಂದು ಇವತ್ತು ಮಡಿಕೇರಿಯ ತಿಮ್ಮಯ್ಯ ವೃತ್ತದಲ್ಲಿ ನಿಂತು ಹೇಳಬಹುದು. ಕೊಡಗಿಗೆ ಸ್ವಾಯತ್ತತೆ ಬೇಕು ಎಂದು ದಶಕಗಳಿಂದ ಧರಣಿ ಕೂರುವವರಿದ್ದಾರೆ. ಅವರ ಬೇಡಿಕೆ ಒಪ್ಪದವರೂ ಅವರ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಾರೆ. ಸ್ವಾಯತ್ತತೆ ಹೋಗುವುದು ಒಂದು. ಅದು ಹೋಯಿತು ಎಂದು ಬಾಯಿಬಿಟ್ಟು ಹೇಳುವ ಹಕ್ಕು ಹೋಗುವುದು ಇನ್ನೊಂದು. ಹಾಂಗ್‌ಕಾಂಗ್‌ನವರು ಎರಡನ್ನೂ ಕಳೆದುಕೊಂಡರು. ಎರಡನೆಯದು ಹೋದ ಮೇಲೆ ಮೊದಲನೆಯದನ್ನು ವಾಪಸ್ ಕೇಳಲು ದಾರಿಯೇ ಇರುವುದಿಲ್ಲ.

ಇನ್ನೊಂದು ಹೋಲಿಕೆ ಕೋವಿಯದ್ದು. ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡುವ ನಮಗೆ ಲೈಸೆನ್ಸ್ ವಿನಾಯಿತಿ ಹುಟ್ಟಿನಿಂದ ಬಂದ ಹಕ್ಕಿನ ಹಾಗೆ ಅನಿಸುತ್ತದೆ. ಆದರೆ ಅದು ನಿಂತಿರುವುದು ಕೇಂದ್ರದ ಒಂದು ಅಧಿಸೂಚನೆಯ ಮೇಲೆ. 2019ರಲ್ಲಿ ಹೊರಡಿಸಿದ್ದು, 2029ರ ತನಕ ಎಂದು ಅದರಲ್ಲೇ ಬರೆದಿದೆ. ತಾರೀಕು ಬರೆದ ಹಕ್ಕು ಹೇಗಿರುತ್ತದೆ ಎಂದು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ.

ಜನ ಸುಮ್ಮನಿದ್ದರಾ?

ಇಲ್ಲವೇ ಇಲ್ಲ. 2003ರಲ್ಲಿ ದೇಶದ್ರೋಹದ ವಿರುದ್ಧ ಒಂದು ಕಾನೂನು ತರಲು ಹೊರಟಾಗ ಸುಮಾರು ಐದು ಲಕ್ಷ ಜನ ಬೀದಿಗಿಳಿದರು. ಸರ್ಕಾರ ಮಸೂದೆ ವಾಪಸ್ ತೆಗೆದುಕೊಂಡಿತು. 2012ರಲ್ಲಿ ಶಾಲೆಗಳಲ್ಲಿ 'ರಾಷ್ಟ್ರೀಯ ಶಿಕ್ಷಣ' ಕಡ್ಡಾಯ ಮಾಡಲು ಹೋದಾಗ ಹೈಸ್ಕೂಲ್ ಮಕ್ಕಳೇ ಧರಣಿ ಕೂತರು. ಅಲ್ಲೂ ಸರ್ಕಾರ ಹಿಂದೆ ಸರಿಯಿತು. 2014ರಲ್ಲಿ ಬೀಜಿಂಗ್ ಒಂದು ತೀರ್ಮಾನ ಹೇಳಿತು: ಮುಖ್ಯಸ್ಥರಿಗೆ ನೀವೇ ಮತ ಹಾಕಿ, ಆದರೆ ಯಾರು ನಿಲ್ಲಬೇಕು ಎಂದು ಒಂದು ಸಮಿತಿ ಮೊದಲೇ ಸೋಸುತ್ತದೆ. ಜನ 79 ದಿನ ರಸ್ತೆಯಲ್ಲೇ ಕೂತರು. ಅಶ್ರುವಾಯು, ಪೆಪ್ಪರ್ ಸ್ಪ್ರೇಗೆ ಕೊಡೆ ಹಿಡಿದರು. ಹಾಗಾಗಿ ಅದಕ್ಕೆ ಕೊಡೆ ಚಳವಳಿ ಎಂದೇ ಹೆಸರು. ಈ ಸಲ ಏನೂ ಸಿಗಲಿಲ್ಲ.

2015ರ ಕೊನೆಗೆ ಒಂದು ಪುಸ್ತಕದಂಗಡಿಗೆ ಸೇರಿದ ಐದು ಜನ ಒಬ್ಬೊಬ್ಬರಾಗಿ ಕಾಣೆಯಾದರು. ಚೀನಾದ ನಾಯಕರ ಬಗ್ಗೆ ಪುಸ್ತಕ ಮಾರುತ್ತಿದ್ದವರು ಅವರು. ಆಮೇಲೆ ನೋಡಿದರೆ ಚೀನಾದ ಒಳಗೆ ಬಂಧನದಲ್ಲಿದ್ದರು. ನಮ್ಮ ಭಾನುವಾರದ ಸಭೆಯಲ್ಲಿ ಎಲ್ಲರೂ ಗಪ್‌ಚಿಪ್ ಆದದ್ದು ಇದನ್ನು ಹೇಳಿದಾಗ. ಸುತ್ತ ಪುಸ್ತಕದ ಕಪಾಟುಗಳೇ ಇದ್ದವಲ್ಲ, ಅದಕ್ಕೋ ಏನೋ.

2019ರ ಗಲಾಟೆ ಯಾತಕ್ಕೆ?

ಹಿಡಿದವರನ್ನು ಚೀನಾಕ್ಕೆ ಹಸ್ತಾಂತರಿಸಲು ಅವಕಾಶ ಕೊಡುವ ಒಂದು ಮಸೂದೆಗೆ. ಪುಸ್ತಕದಂಗಡಿಯವರ ಕತೆ ಗೊತ್ತಿದ್ದ ಜನಕ್ಕೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೂನ್ 16ರ ಮೆರವಣಿಗೆಯಲ್ಲಿ ಸುಮಾರು 20 ಲಕ್ಷ ಜನ ಇದ್ದರು ಎಂದು ಸಂಘಟಕರು ಹೇಳಿದರು. ಪೊಲೀಸರ ಲೆಕ್ಕ ಅದಕ್ಕಿಂತ ತುಂಬಾ ಕಡಿಮೆ. ಯಾವ ಲೆಕ್ಕ ಹಿಡಿದರೂ 75 ಲಕ್ಷದ ಊರಿಗೆ ಅದು ಬಹಳ ದೊಡ್ಡದು. ಆಗ ಮುಖ್ಯಸ್ಥೆಯಾಗಿದ್ದ ಕ್ಯಾರಿ ಲ್ಯಾಮ್ ಮಸೂದೆ ವಾಪಸ್ ಪಡೆಯುತ್ತೇವೆ ಎಂದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಜನರ ಬೇಡಿಕೆ ಬೆಳೆದಿತ್ತು: ಪೊಲೀಸರ ಮೇಲೆ ತನಿಖೆ ಆಗಬೇಕು, ನಿಜವಾದ ಮತದಾನ ಬೇಕು. ಚಳವಳಿ ಮುಗಿಯುವಷ್ಟರಲ್ಲಿ 10 ಸಾವಿರಕ್ಕೂ ಜಾಸ್ತಿ ಜನರನ್ನು ಬಂಧಿಸಿದ್ದರು.

ಆ ನವೆಂಬರ್‌ನಲ್ಲಿ ಜಿಲ್ಲಾ ಕೌನ್ಸಿಲ್ ಚುನಾವಣೆ ಬಂತು. ನೂರಕ್ಕೆ 71 ಜನ ಮತ ಹಾಕಿದರು. 18 ಕೌನ್ಸಿಲ್‌ಗಳಲ್ಲಿ 17 ಪ್ರಜಾಪ್ರಭುತ್ವ ಪರ ಇದ್ದವರ ಪಾಲಾಯಿತು.

ಪ್ರತಿಭಟನೆ ಮಾಡಿದವರೂ ಬೆಂಕಿ ಹಚ್ಚಿದರಲ್ಲ?

ಹಚ್ಚಿದರು. ಮುಚ್ಚಿಡುವುದಿಲ್ಲ. ಪೆಟ್ರೋಲ್ ಬಾಂಬ್ ಎಸೆದರು, ಮೆಟ್ರೋ ನಿಲ್ದಾಣ ಒಡೆದರು, ವಿಧಾನಸಭೆಗೆ ನುಗ್ಗಿದರು. ಎರಡು ಗುಂಪುಗಳ ನಡುವಿನ ಜಗಳದಲ್ಲಿ ಇಟ್ಟಿಗೆ ತಗುಲಿ 70 ವರ್ಷದ ಒಬ್ಬ ಸ್ವಚ್ಛತಾ ಕೆಲಸಗಾರ ತೀರಿಕೊಂಡರು. ಇನ್ನೊಂದು ಕಡೆ, ಜುಲೈನಲ್ಲಿ ಬಿಳಿ ಬಟ್ಟೆ ತೊಟ್ಟ ಗುಂಪೊಂದು ಯುವೆನ್ ಲಾಂಗ್ ನಿಲ್ದಾಣಕ್ಕೆ ನುಗ್ಗಿ ಕಂಡಕಂಡವರಿಗೆ ದೊಣ್ಣೆಯಲ್ಲಿ ಹೊಡೆಯಿತು. ಪೊಲೀಸರು ಬಂದದ್ದು ತಡವಾಗಿ.

ಬೆಂಕಿ ಹಚ್ಚಿದವನನ್ನು ಹಿಡಿಯಲು ಆ ಊರಲ್ಲಿ ಮೊದಲೇ ಕಾನೂನು ಇತ್ತು. ಹೊಸ ಕಾನೂನು ಬಂದು ಹಿಡಿದದ್ದು ಸಂಪಾದಕರನ್ನು, ವಕೀಲರನ್ನು, ಮೇಷ್ಟ್ರುಗಳನ್ನು, ಚುನಾವಣೆಗೆ ನಿಂತವರನ್ನು.

ಆ ಹೊಸ ಕಾನೂನು ಯಾವುದು?

ರಾಷ್ಟ್ರೀಯ ಭದ್ರತಾ ಕಾನೂನು. ಹಾಂಗ್‌ಕಾಂಗ್‌ನ ಸಭೆ ಅದನ್ನು ಮಾಡಲಿಲ್ಲ. ಬೀಜಿಂಗ್‌ನಲ್ಲಿ ಮಾಡಿ, 18ನೇ ಕಲಂ ಬಾಗಿಲಿನಿಂದ ಒಳಗೆ ತಂದರು. 2020ರ ಜೂನ್ 30ರ ರಾತ್ರಿ 11ಕ್ಕೆ ಜಾರಿಯಾಯಿತು. ಅದರ ಪೂರ್ತಿ ಪಠ್ಯ ಜನರ ಕೈಗೆ ಸಿಕ್ಕಿದ್ದೂ ಆಗಲೇ. ರಾತ್ರಿ ಮಲಗುವಾಗ ಒಂದು ಕಾನೂನು, ಬೆಳಿಗ್ಗೆ ಏಳುವಾಗ ಇನ್ನೊಂದು.

ಪ್ರತ್ಯೇಕತೆ, ಸರ್ಕಾರ ಬುಡಮೇಲು ಮಾಡುವುದು, ಭಯೋತ್ಪಾದನೆ, ವಿದೇಶಿ ಶಕ್ತಿಗಳ ಜೊತೆ ಕೈಜೋಡಿಸುವುದು ಎಂಬ ನಾಲ್ಕು ಅಪರಾಧ. ಜೀವಾವಧಿ ತನಕ ಶಿಕ್ಷೆ. ಜಾಮೀನು ಸಿಗುವುದೇ ಕಷ್ಟ. ಜ್ಯೂರಿ (ಮಾಮೂಲಿ ಜನರ ತೀರ್ಪು ಮಂಡಳಿ) ಇಲ್ಲದೆ ವಿಚಾರಣೆ ನಡೆಸಬಹುದು. ಈ ಕೇಸುಗಳನ್ನು ನೋಡುವ ನ್ಯಾಯಾಧೀಶರನ್ನು ಮುಖ್ಯಸ್ಥರೇ ಗೊತ್ತು ಮಾಡುತ್ತಾರೆ. 38ನೇ ಕಲಂ ಪ್ರಕಾರ ಊರಿನ ಹೊರಗೆ, ಬೇರೆ ದೇಶದಲ್ಲಿ, ಬೇರೆ ದೇಶದವರು ಮಾಡಿದರೂ ಅಪರಾಧವೇ.

ಚಳವಳಿಯ ಹಳೆಯ ಘೋಷಣೆ ಕೂಗಿದರೆ ಅಪರಾಧ ಎಂದಾದ ಮೇಲೆ ಜನ ಬಿಳಿ ಹಾಳೆ ಹಿಡಿದು ನಿಂತರು. ಅಂಗಡಿಗಳ ಗೋಡೆಯಲ್ಲಿ ಚಳವಳಿಯ ಮಾತು ಬರೆದು ಅಂಟಿಸುತ್ತಿದ್ದ ಬಣ್ಣದ ಚೀಟಿಗಳು ಹಾಗೇ ಇದ್ದವು, ಆದರೆ ಬರಹವಿಲ್ಲ. ತುರ್ತುಪರಿಸ್ಥಿತಿಯಲ್ಲಿ ನಮ್ಮ ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗ ಖಾಲಿ ಬಿಟ್ಟಿದ್ದು ನೆನಪಿದೆಯಾ? ಹಾಗೆ.

2003ರಲ್ಲಿ ಜನ ತಡೆದಿದ್ದ ಮಸೂದೆಯ ವಿಷಯವೂ 2024ರ ಮಾರ್ಚ್‌ನಲ್ಲಿ ಕಾನೂನಾಗಿ ಬಂತು. ಈ ಸಲ ಒಂದೇ ಒಂದು ವಿರೋಧದ ಮತ ಬೀಳಲಿಲ್ಲ. ಆ ಕಾನೂನಿನಲ್ಲಿ ಮೊದಲು ಜೈಲಿಗೆ ಹೋದವನ ತಪ್ಪು, ಘೋಷಣೆ ಬರೆದ ಟೀ ಶರ್ಟ್ ಹಾಕಿಕೊಂಡದ್ದು. 14 ತಿಂಗಳು.

ಒಂದು ಪೇಪರನ್ನು ಮುಚ್ಚಿಸಿದರಂತೆ?

ಆ್ಯಪಲ್ ಡೈಲಿ. 1995ರಲ್ಲಿ ಜಿಮ್ಮಿ ಲಾಯ್ ಶುರು ಮಾಡಿದ ಪತ್ರಿಕೆ. ಬಟ್ಟೆ ವ್ಯಾಪಾರದಲ್ಲಿ ದುಡ್ಡು ಮಾಡಿದ ಮನುಷ್ಯ ಆತ. ಪತ್ರಿಕೆಯಲ್ಲಿ ಗಾಸಿಪ್ಪೂ ಇತ್ತು, ರಾಜಕೀಯವೂ ಇತ್ತು, ಬೀಜಿಂಗ್ ಬಗ್ಗೆ ನೇರ ಮಾತೂ ಇತ್ತು. 2021ರ ಜೂನ್ 17ಕ್ಕೆ ಸುಮಾರು 500 ಪೊಲೀಸರು ಕಚೇರಿಗೆ ಬಂದರು. ಬ್ಯಾಂಕ್ ಖಾತೆ ಜಪ್ತಿ ಮಾಡಿದರು. ಸಂಬಳ ಕೊಡಲು ದುಡ್ಡಿಲ್ಲದೆ ಒಂದೇ ವಾರಕ್ಕೆ ಪತ್ರಿಕೆ ನಿಂತಿತು. ಬೀಗ ಹಾಕಿ ಎಂದು ಯಾರೂ ಆದೇಶ ಕೊಡಬೇಕಾಗಲಿಲ್ಲ.

ಜೂನ್ 24ರ ಕೊನೆಯ ಸಂಚಿಕೆ 10 ಲಕ್ಷ ಪ್ರತಿ ಅಚ್ಚಾಯಿತು. ನಡುರಾತ್ರಿಯಿಂದ ಜನ ಸಾಲುಗಟ್ಟಿದರು. ನಮ್ಮ ಹುಡುಗಿಯೂ ಆ ಸಾಲಿನಲ್ಲಿದ್ದಳು. ಅವಳಿಗೆ ಚೀನೀ ಅಕ್ಷರ ಓದಲು ಬರುವುದಿಲ್ಲ. ಮತ್ತೆ ಯಾಕೆ ನಿಂತೆ ಎಂದು ಕೇಳಿದೆ. "ಎಲ್ಲರೂ ನಿಂತಿದ್ದರು ದೊಡ್ಡಪ್ಪ. ಯಾರೂ ಮಾತಾಡುತ್ತಿರಲಿಲ್ಲ. ಮುಂದಿದ್ದ ಅಜ್ಜಿ ಐದು ಪ್ರತಿ ತಗೊಂಡರು. ನಾನೂ ಒಂದು ತಗೊಂಡೆ" ಎಂದಳು.

ಆ ಪೇಪರ್ ಈಗ ನಮ್ಮ ಮನೆಯಲ್ಲಿದೆ. ಜೂನ್ ಬಂತೆಂದರೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇನ್ನು ಕಾಗದದ ಮಾತೇನು. ಮೊದಲ ಮಳೆಗಾಲದಲ್ಲೇ ಮಡಿಕೆಯ ಗೆರೆ ಉದ್ದಕ್ಕೂ ಬೂದು ಚುಕ್ಕೆ ಬಂತು. ಆಮೇಲೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಡಬ್ಬದ ಪಕ್ಕ ಇಟ್ಟಿದ್ದೇವೆ. ಬಿಚ್ಚಿದರೆ ಹೊಗೆ, ಏಲಕ್ಕಿ ಎರಡೂ ಘಮ್ ಎನ್ನುತ್ತವೆ. ಮುಖಪುಟದಲ್ಲಿ ಒಂದು ಕೈ. ಮೊಬೈಲ್ ಬೆಳಕು ಹಿಡಿದು ಕಚೇರಿಯ ಕಡೆ ಬೀಸುತ್ತಿದೆ.

ಜಿಮ್ಮಿ ಲಾಯ್ 2020ರ ಡಿಸೆಂಬರ್‌ನಿಂದ ಜೈಲಿನಲ್ಲಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಕೋರ್ಟ್ ಅವರನ್ನು ದೋಷಿ ಎಂದಿತು. ಆಗ ಅವರ ವಯಸ್ಸು 78.

ಚುನಾವಣೆ ಈಗಲೂ ನಡೆಯುತ್ತಿದೆಯಲ್ಲ?

ನಡೆಯುತ್ತಿದೆ. ಲೆಕ್ಕ ನೋಡಿ. ಮೊದಲು ಶಾಸನಸಭೆಯ 70 ಸ್ಥಾನಗಳಲ್ಲಿ 35ಕ್ಕೆ ಊರಿನ ಕ್ಷೇತ್ರಗಳ ಜನ ನೇರವಾಗಿ ಮತ ಹಾಕುತ್ತಿದ್ದರು. 2021ರಲ್ಲಿ ಅದನ್ನು 90ಕ್ಕೆ ಏರಿಸಿ, ನೇರ ಆಯ್ಕೆಯದ್ದನ್ನು 20ಕ್ಕೆ ಇಳಿಸಿದರು. ನಿಲ್ಲುವವರು 'ದೇಶಭಕ್ತರು' ಹೌದೋ ಅಲ್ಲವೋ ಎಂದು ಒಂದು ಸಮಿತಿ ಮೊದಲು ನೋಡುತ್ತದೆ. ಆ ಡಿಸೆಂಬರ್‌ನಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 30. ಜಿಲ್ಲಾ ಕೌನ್ಸಿಲ್‌ಗಳಲ್ಲಂತೂ 470ರಲ್ಲಿ ನೇರ ಆಯ್ಕೆ 88ಕ್ಕೆ ಮಾತ್ರ. 2022ರಲ್ಲಿ ಮುಖ್ಯಸ್ಥರ ಚುನಾವಣೆಗೆ ಅಭ್ಯರ್ಥಿ ಒಬ್ಬರೇ.

2020ರ ಜುಲೈನಲ್ಲಿ ಪ್ರಜಾಪ್ರಭುತ್ವ ಪರ ಪಕ್ಷಗಳು ತಮ್ಮೊಳಗೆ ಯಾರು ನಿಲ್ಲಬೇಕು ಎಂದು ಜನರನ್ನೇ ಕೇಳಿದವು. ಆರು ಲಕ್ಷಕ್ಕೂ ಜಾಸ್ತಿ ಜನ ಬಂದು ಮತ ಹಾಕಿದರು. ಬಹುಮತ ಗೆದ್ದು, ಬಜೆಟ್ ತಿರಸ್ಕರಿಸಿ, ಸರ್ಕಾರವನ್ನು ಮಾತುಕತೆಗೆ ಎಳೆಯುವುದು ಅವರ ಯೋಚನೆ. ಬಜೆಟ್ ತಿರಸ್ಕರಿಸುವ ಅವಕಾಶ ಬೇಸಿಕ್ ಲಾದಲ್ಲೇ ಇದೆ. ಆದರೂ ಅದು ಸರ್ಕಾರ ಬುಡಮೇಲು ಮಾಡುವ ಸಂಚು ಎಂದು 47 ಜನರ ಮೇಲೆ ಕೇಸು ಹಾಕಿದರು. 2024ರ ನವೆಂಬರ್‌ನಲ್ಲಿ 45 ಜನರಿಗೆ 4ರಿಂದ 10 ವರ್ಷ ಜೈಲಾಯಿತು. 10 ವರ್ಷ ಬಿದ್ದದ್ದು ಕಾನೂನು ಪಾಠ ಹೇಳುತ್ತಿದ್ದ ಬೆನ್ನಿ ತಾಯ್ ಅವರಿಗೆ.

ಬ್ರಿಟಿಷರ ಕಾಲದಲ್ಲಿ ಏನು ಸ್ವರ್ಗ ಇತ್ತಾ?

ಇರಲಿಲ್ಲ. ಒಂದೂವರೆ ಶತಮಾನ ಲಂಡನ್ನಿಂದ ಗವರ್ನರ್ ಬಂದು ಆಳಿದ. ಶಾಸನಸಭೆಗೆ ಜನ ನೇರವಾಗಿ ಮತ ಹಾಕಿದ್ದು ಮೊದಲ ಸಲ 1991ರಲ್ಲಿ, ಅದೂ 18 ಸ್ಥಾನಕ್ಕೆ. ರಾಜದ್ರೋಹದ ಕಾನೂನು ಮಾಡಿಟ್ಟವರೂ ಬ್ರಿಟಿಷರೇ. ಐವತ್ತು ವರ್ಷ ಉಪಯೋಗಿಸದೆ ಮೂಲೆಯಲ್ಲಿದ್ದ ಅದನ್ನೇ 2020ರಿಂದ ಮತ್ತೆ ಹೊರಗೆ ತೆಗೆದರು. ನಮ್ಮ ದಂಡಸಂಹಿತೆಯ ರಾಜದ್ರೋಹದ ಕಲಂ 124ಎ ಕೂಡ ಅದೇ ಕೈಯ ಕೆಲಸ. ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ತಡೆಹಿಡಿಯಿತು, ಈಗ ಹೊಸ ಸಂಹಿತೆಯ 152ನೇ ಕಲಂ ಬಂದಿದೆ. ಅಲ್ಲಿಯ ಕೆಟ್ಟ ಕಾನೂನನ್ನು ಬೈಯುವಾಗ ಇಲ್ಲಿಯದರ ಮೇಲೂ ಕಣ್ಣಿರಬೇಕು.

ಮಾಮೂಲಿ ಜನಕ್ಕೆ ಏನು ತೊಂದರೆ? ಕೆಲಸ, ಊಟ ಎಲ್ಲಾ ಇದೆಯಲ್ಲ?

ಇದೆ. ರೈಲು ಸರಿಯಾದ ಸಮಯಕ್ಕೆ ಬರುತ್ತದೆ. ರಾತ್ರಿ ಹೆಣ್ಣುಮಕ್ಕಳು ಹೆದರದೆ ಓಡಾಡುತ್ತಾರೆ. ಆದರೂ ತೊಂದರೆ ಎಂಥದ್ದು ಎನ್ನುವುದಕ್ಕೆ ಕೆಲವು ಸಂಗತಿ ಹೇಳುತ್ತೇನೆ.

ಬೀಜಿಂಗ್‌ನ ತಿಯಾನನ್‌ಮೆನ್ ಚಳವಳಿಯಲ್ಲಿ 1989ರಲ್ಲಿ ಸೈನ್ಯದ ಗುಂಡಿಗೆ ಸತ್ತವರಿಗೆ ಪ್ರತಿ ಜೂನ್ 4ರಂದು ವಿಕ್ಟೋರಿಯಾ ಪಾರ್ಕ್‌ನಲ್ಲಿ ಸಾವಿರಾರು ಜನ ಮೋಂಬತ್ತಿ ಹಚ್ಚುತ್ತಿದ್ದರು. 2019ರ ತನಕ ನಡೆಯಿತು. 2020ರಲ್ಲಿ ಕೊರೊನಾ ಹೆಸರಲ್ಲಿ ನಿಲ್ಲಿಸಿದರು. ಕೊರೊನಾ ಹೋಯಿತು, ಮೋಂಬತ್ತಿ ವಾಪಸ್ ಬರಲಿಲ್ಲ.

ಮಕ್ಕಳಿಗೆ ಮಾತು ಕಲಿಸುವ ಐದು ಜನ ಸ್ಪೀಚ್ ಥೆರಪಿಸ್ಟ್‌ಗಳು ಕುರಿ, ತೋಳದ ಚಿತ್ರಪುಸ್ತಕ ಮಾಡಿದರು. ತೋಳಗಳು ಬಂದಾಗ ಕುರಿಗಳು ಊರು ಕಾಯುವ ಕತೆ. ರಾಜದ್ರೋಹ ಎಂದು 2022ರಲ್ಲಿ ಐವರಿಗೂ 19 ತಿಂಗಳು ಜೈಲು. ಸಾರ್ವಜನಿಕ ಗ್ರಂಥಾಲಯಗಳು ವಿದ್ಯಾರ್ಥಿ ಚಳವಳಿಯ ಜೋಶುವಾ ವಾಂಗ್ ಅಂಥವರ ಪುಸ್ತಕಗಳನ್ನು 'ಪರಿಶೀಲನೆಗೆ' ಎಂದು ಕಪಾಟಿನಿಂದ ತೆಗೆದವು. ಶಿಕ್ಷಕರ ದೊಡ್ಡ ಸಂಘ 2021ರಲ್ಲಿ ತಾನೇ ವಿಸರ್ಜನೆ ಮಾಡಿಕೊಂಡಿತು, ಆಮೇಲೆ ಕಾರ್ಮಿಕರ ಒಕ್ಕೂಟ.

ನಮ್ಮ ಹುಡುಗಿ ಬಂದ ಹೊಸದರಲ್ಲಿ ಕಾಫಿ ಕಣದಲ್ಲಿ ಕೂತು ಹರಟುವಾಗ ರಾಜಕೀಯದ ಮಾತು ಬಂದರೆ ದನಿ ತಗ್ಗಿಸುತ್ತಿದ್ದಳು. ಅಲ್ಲಿ ಇದ್ದದ್ದು ನಾನು, ನನ್ನ ಹೆಂಡತಿ, ಒಣಗಲು ಹಾಕಿದ ಚೆರಿ ಮತ್ತು ನಾಯಿ. ಮೊಬೈಲನ್ನು ಒಳಗಿಟ್ಟು ಬರುತ್ತಿದ್ದಳು. ಅವಳ ಮೇಲೆ ಯಾವ ಕೇಸೂ ಇರಲಿಲ್ಲ. ಒಂದು ದಿನ ಪೊಲೀಸ್ ಅವಳನ್ನು ಮಾತಾಡಿಸಿದ್ದೂ ಇಲ್ಲ. ಮಾಮೂಲಿ ಜನಕ್ಕೆ ಆದದ್ದು ಇದು.

ಊರು ಬಿಟ್ಟು ಹೋದವರು ಎಲ್ಲಿಗೆ ಹೋದರು?

ಜಾಸ್ತಿ ಜನ ಬ್ರಿಟನ್ನಿಗೆ. 2021ರ ಜನವರಿಯಲ್ಲಿ ಬ್ರಿಟನ್ ಅವರಿಗೆಂದೇ ಒಂದು ವೀಸಾ ತೆರೆಯಿತು. ಲಕ್ಷಕ್ಕೂ ಮೀರಿ ಜನ ಹೋಗಿದ್ದಾರೆ. ಹೊರಗೆ ಹೋಗಿ ದನಿ ಎತ್ತಿದವರಲ್ಲಿ ಎಂಟು ಜನರ ತಲೆಗೆ 2023ರಲ್ಲಿ ಹಾಂಗ್‌ಕಾಂಗ್ ಪೊಲೀಸರು ತಲಾ 10 ಲಕ್ಷ ಹಾಂಗ್‌ಕಾಂಗ್ ಡಾಲರ್ ಬಹುಮಾನ ಕಟ್ಟಿದರು. ಆಮೇಲೆ ಆ ಪಟ್ಟಿ ಬೆಳೆಯಿತು.

ಚೀನಾ ಸರ್ಕಾರ ಏನು ಹೇಳುತ್ತದೆ?

ಗಲಭೆ ನಿಂತು ಶಾಂತಿ ಬಂದಿದೆ, ವಿದೇಶಿಯರ ಕೈವಾಡ ತಪ್ಪಿದೆ, ವ್ಯಾಪಾರ ಚೆನ್ನಾಗಿದೆ ಎಂದು. ರಸ್ತೆಗಳು ಶಾಂತವಾಗಿರುವುದು ನಿಜ. ಎಷ್ಟು ಜನ ಒಪ್ಪಿ ಸುಮ್ಮನಿದ್ದಾರೆ, ಎಷ್ಟು ಜನ ಹೆದರಿ ಸುಮ್ಮನಿದ್ದಾರೆ ಎಂದು ಕೇಳಿ ಬರೆಯಬಲ್ಲ ಪತ್ರಿಕೆಗಳು ಈಗ ಅಲ್ಲಿ ಬಹಳ ಕಡಿಮೆ.

ನಮ್ಮಲ್ಲೇ ಆನೆ, ಮಳೆ, ಮೆಣಸಿನ ರೇಟು ಅಂತ ನೂರೆಂಟು ತಾಪತ್ರಯ. ಇದು ನಮಗ್ಯಾಕೆ?

ಒಬ್ಬ ಯುವಕ ನೇರವಾಗಿ ಕೇಳಿದ. ಕೇಳಿದ್ದು ಒಳ್ಳೆಯದೇ ಆಯಿತು. ಆನೆ ತೋಟಕ್ಕೆ ನುಗ್ಗಿದರೆ ನೀನು ಏನು ಮಾಡುತ್ತೀಯಾ ಎಂದೆ. ಅರಣ್ಯ ಇಲಾಖೆ ಕಚೇರಿ ಮುಂದೆ ಕೂರುತ್ತೇವೆ, ರಸ್ತೆ ತಡೆಯುತ್ತೇವೆ, ಪೇಪರಿನವರಿಗೆ ಫೋನ್ ಮಾಡುತ್ತೇವೆ ಎಂದ. ಈ ಮೂರನ್ನೂ ಅಲ್ಲಿನವರು ಮಾಡುತ್ತಿದ್ದರು, ಈಗ ಮಾಡುವ ಹಾಗಿಲ್ಲ ಎಂದೆ. ಅವನು ಆಮೇಲೆ ಮುಂದಿನ ಎರಡು ಸಭೆಗೂ ಬಂದ.

ಆ ಪೇಪರ್ ನೋಡಬಹುದಾ?

ಖಂಡಿತ ಬನ್ನಿ. ಮಳೆ ಇಲ್ಲದ ದಿನ ಬಂದರೆ ಒಳ್ಳೆಯದು, ಹಸಿ ಗಾಳಿಗೆ ಬಿಚ್ಚಲು ನನಗೆ ಹೆದರಿಕೆ. ಕೈ ಒರೆಸಿಕೊಂಡು ಮುಟ್ಟಿ. ಹುಡುಗಿ ಈಗ ಬೆಂಗಳೂರಿನಲ್ಲಿದ್ದಾಳೆ, ಪುತ್ತರಿ ಹಬ್ಬಕ್ಕೆ ಬರುತ್ತಾಳೆ. ಆಗ ಬಂದರೆ ಅವಳನ್ನೇ ಕೇಳಬಹುದು. ಈಗ ಗಟ್ಟಿಯಾಗಿಯೇ ಮಾತಾಡುತ್ತಾಳೆ.